ಹದಿನೇಳನೇ ಕಂಬಿ

ಪರದೆಯ ಮೇಲಿನ ಬಿಳಿಕೂದಲಿನ ಹೆಂಗಸು ಒಂದು ಲಕೋಟೆ ಎತ್ತಿ ತೋರಿಸಿ, ಕತ್ತರಿಯಿಂದ ಅದರ ಅಂಚು ಕತ್ತರಿಸುವ ಹೊತ್ತಿಗೆ, ಕೋಣೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಸ್ತ್ರಿ ಚಹಾದ ಲೋಟಕ್ಕೆ ಕೈ ಚಾಚಿದ್ದರು. ಆ ಚಹಾ ಕೊನೆಗೂ ಅವರ ಬಾಯಿಗೆ ಹೋಗಲಿಲ್ಲ.

"ನಿಮಗೆ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದೆ, ಕ್ಷಮಿಸಿ," ಎಂದರು ಆಕೆ. "ಆರು ಲ್ಯಾಬಿಗೂ ಅರವತ್ತು ಅರವತ್ತು ಕಂಬಿ ಕಳಿಸಿದ್ದೆವಲ್ಲ, ಪ್ರತಿ ಪೆಟ್ಟಿಗೆಯಲ್ಲೂ ಒಂದು ಕಂಬಿಯನ್ನ ಬೇಕಂತಲೇ ಕೆಡಿಸಿ ಇಟ್ಟಿದ್ದೆ. ನೋಡೋಕೆ ಉಳಿದವುಗಳ ಹಾಗೇ ಇರುತ್ತೆ, ಎಳೆದರೆ ಬೇಗ ತುಂಡಾಗುತ್ತೆ. ಯಾರು ಅದನ್ನ ಹಿಡೀತಾರೆ ಅಂತ ನೋಡಬೇಕಿತ್ತು. ನನ್ನ ಲ್ಯಾಬಿನವರಿಗೂ ಈ ವಿಷಯ ಗೊತ್ತಿರಲಿಲ್ಲ."

ಪರದೆಯ ಚೌಕಗಳಲ್ಲಿದ್ದ ಮುಖಗಳೆಲ್ಲ ಬಿಗಿದುಕೊಂಡವು.

"ಐದು ಲ್ಯಾಬು ಹಿಡಿದಿವೆ. ಒಂದು ಹಿಡಿದಿಲ್ಲ." ಆಕೆ ಲಕೋಟೆಯೊಳಗಿನ ಚೀಟಿ ನೋಡಿದರು. "ಏಷ್ಯಾದ ನಮ್ಮ ಗೆಳೆಯರ ಪೆಟ್ಟಿಗೆಯಲ್ಲಿ ಅದು ಹದಿನೇಳನೇ ಕಂಬಿ. ಐವತ್ಮೂರು ಕಿಲೋನ್ಯೂಟನ್ ಎಳೆತದ ಆಸುಪಾಸಿನಲ್ಲಿ ತುಂಡಾಗಬೇಕಿತ್ತು. ನೀವು ಕಳಿಸಿದ ಪಟ್ಟಿಯಲ್ಲಿ ಅರವತ್ಮೂರು ಅಂತಿದೆ."

ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು. ಮೇಸ್ತ್ರಿಗೆ ಅರ್ಧ ಕಿವಿಯಿಂದ ಅರ್ಥವಾಗುತ್ತಿತ್ತು, ಉಳಿದರ್ಧ ಮುಂದಿನ ಸಾಲಿನ ಪ್ರೊಫೆಸರರ ಕುತ್ತಿಗೆ ನೋಡಿ. ಆ ಕುತ್ತಿಗೆ ಈಗ ಕೆಂಪಗಾಗಿತ್ತು. ಸಂಖ್ಯೆಗಳಿಗೆ ಮಾತ್ರ ಯಾರ ಕುತ್ತಿಗೆಯೂ ಬೇಕಿರಲಿಲ್ಲ. ಅರವತ್ಮೂರೇ? ಯಾರು ಬರೆದ ಅರವತ್ಮೂರು?

ಆ ಮಧ್ಯಾಹ್ನ ಅವರಿಗೆ ಚೆನ್ನಾಗಿ ನೆನಪಿತ್ತು. ಹದಿನೇಳನೇ ಕಂಬಿಯನ್ನು ಯಂತ್ರದ ಎರಡು ದವಡೆಗೆ ಕಚ್ಚಿಸಿ ಎಳೆಯುತ್ತಿದ್ದಾಗ ಅದು ಎಚ್ಚರಿಕೆಯನ್ನೇ ಕೊಡದೆ ಪಟ್ಟೆಂದು ಹಾರಿತ್ತು. ಒಳ್ಳೆಯ ಕಂಬಿ ಹಾಗೆ ಸಾಯುವುದಿಲ್ಲ. ಮೊದಲು ಹಿಗ್ಗುತ್ತದೆ, ಆಮೇಲೆ ನಡು ಸಣ್ಣಗಾಗುತ್ತದೆ, ಕೊನೆಗೆ ಕೈಬಿಡುತ್ತದೆ. ಇದಕ್ಕೆ ನಡುವೇ ಇರಲಿಲ್ಲ. "ಐವತ್ಮೂರು" ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ "ಒಳ್ಳೆ ಜಾತಿಯದಲ್ಲ" ಎಂದೂ ಬರೆದು, ಅದರಡಿ ಗೀಟೆಳೆದಿದ್ದರು.

ಇಪ್ಪತ್ತೆಂಟು ವರ್ಷದಿಂದ ಈ ವಿಶ್ವವಿದ್ಯಾಲಯದ ಎಳೆಯುವ ಯಂತ್ರ ಅವರ ಕೈಯಲ್ಲಿತ್ತು. ಯಂತ್ರಕ್ಕೆ ಅಂಟಿಸಿದ್ದ ಅಂಕಿ ಹೊಳೆಯುವ ಪೆಟ್ಟಿಗೆ ಹನ್ನೆರಡು ವರ್ಷದ ಹಿಂದೆಯೇ ಕಣ್ಣು ಮುಚ್ಚಿತ್ತು. ಅದಾದ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಹಳೆಯ ಡಯಲ್ಲೇ ಗತಿ. ಕಂಬಿ ತುಂಡಾದ ಕೂಡಲೇ ಕಪ್ಪು ಮುಳ್ಳು ಸೊನ್ನೆಗೆ ಬೀಳುತ್ತದೆ. ಕೆಂಪು ಮುಳ್ಳು ಮಾತ್ರ ತಾನು ಏರಿದ ಜಾಗದಲ್ಲೇ ನಿಂತು, ಮೇಸ್ತ್ರಿ ಬಂದು ಓದುವವರೆಗೂ ಕಾಯುತ್ತದೆ. ವಿದ್ಯಾರ್ಥಿಗಳು ಅವರಿಗೆ ಮುಳ್ಳು ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಅವರ ನಾಲಿಗೆಯ ಪರಿಚಯವಿದ್ದವರು ಆ ಹೆಸರಿಗೆ ಬೇರೆ ಕಾರಣವನ್ನೂ ಹೇಳುತ್ತಿದ್ದರು.

ಹಳೆಯ ಹಡಗು, ಹಳೆಯ ಕಾರು ಕರಗಿಸಿ ಮಾಡಿದ ಹೊಸ ಬಗೆಯ ಕಂಬಿ ಇದು. ಭೂಮಿ ನಡುಗುವ ಊರುಗಳಲ್ಲಿ ಶಾಲೆಯ ಚಾವಣಿಗೆ ಹಾಕಲು ತಯಾರಾದದ್ದು. ಆರು ದೇಶದ ಆರು ವಿಶ್ವವಿದ್ಯಾಲಯಗಳು ಬೇರೆ ಬೇರೆಯಾಗಿ ಎಳೆದು ನೋಡಿ, ಆರೂ ಹೌದೆಂದರೆ ಕಾರ್ಖಾನೆ ಶುರು. ಇದಕ್ಕೆಲ್ಲ ಮುಂದಾಳು ಆ ಬಿಳಿಕೂದಲಿನ ಹೆಂಗಸು. ಏಷ್ಯಾದಿಂದ ಸೇರಿಕೊಂಡಿದ್ದು ಇವರದ್ದೊಂದೇ. ಸೇರಿಸಿಕೊಳ್ಳಿ ಎಂದು ಪ್ರೊಫೆಸರರು ನಾಲ್ಕು ವರ್ಷ ಪತ್ರ ಬರೆದು ಬರೆದು ಕೈ ಸವೆಸಿಕೊಂಡಿದ್ದರು. ಇವತ್ತು ಕೊನೆಯ ಸಭೆ. ಸಂಜೆಯೊಳಗೆ ಆರೂ ಸಹಿ ಬೀಳಬೇಕಿತ್ತು.

ಪ್ರೊಫೆಸರರು ನಿಧಾನವಾಗಿ ಹಿಂದಕ್ಕೆ ತಿರುಗಿದರು. ಅವರ ಜೊತೆಗೆ ಕೋಣೆಯಲ್ಲಿದ್ದ ಇಬ್ಬರು ಲೆಕ್ಚರರುಗಳೂ ತಿರುಗಿದರು. ಮೂವರೂ ನೋಡಿದ್ದು ಮೇಸ್ತ್ರಿಯ ಮುಖವನ್ನಲ್ಲ, ಅವರ ದಪ್ಪ ಗಾಜಿನ ಕನ್ನಡಕವನ್ನು.

ತಿರುಗದೆ ಕೂತಿದ್ದವಳು ಒಬ್ಬಳೇ. ಮುಂದಿನ ಸಾಲಿನ ತುದಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕಲ್ಲಾಗಿದ್ದ ಸಂಶೋಧನಾ ವಿದ್ಯಾರ್ಥಿನಿ, ಮೇಸ್ತ್ರಿಯ ಮಗಳು.

"ತುಂಡಾದ ಕಂಬಿಗಳನ್ನ ಇಟ್ಟುಕೊಂಡಿದ್ದೀರಾ?" ಎಂದು ಬಿಳಿಕೂದಲಿನವರು ಕೇಳಿದರು. ಮೃದುವಾಗಿಯೇ ಕೇಳಿದರು, ಆ ಮೃದುತನವೇ ಹೆಚ್ಚು ಚುಚ್ಚಿತು. "ಇದ್ದರೆ ಹದಿನೇಳನ್ನ ತಂದು ಕ್ಯಾಮೆರಾಕ್ಕೆ ತೋರಿಸಿ. ಹದಿನೈದು ನಿಮಿಷ ಬಿಡುವು ತಗೊಳ್ಳೋಣ."

ಹೊರಗಿನ ಓಣಿಯಲ್ಲಿ ಪ್ರೊಫೆಸರರು ಮೇಸ್ತ್ರಿಯ ತೋಳು ಹಿಡಿದು ಕಿಟಕಿಯ ಬಳಿ ನಿಲ್ಲಿಸಿದರು.

"ಮೇಸ್ತ್ರಿ, ನಾನು ನಿಮ್ಮ ಮೇಲೆ ಗೂಬೆ ಕೂರಿಸ್ತಿಲ್ಲ. ಕಣ್ಣು ಅಂದ ಮೇಲೆ ತಪ್ಪುತ್ತೆ. ವಯಸ್ಸಾಗಿದೆ, ಒಂದು ಗೀಟು ಆಚೀಚೆ ಆಯ್ತು ಅಂತ ಹೇಳಿಬಿಡೋಣ. ಎರಡು ತಿಂಗಳಿಗೆ ನೀವು ರಿಟೈರು, ಯಾರೂ ಏನೂ ಅನ್ನಲ್ಲ."

"ನಾನು ಬರೆದಿದ್ದು ಐವತ್ಮೂರು ಸರ್."

ಪ್ರೊಫೆಸರರ ಕೈ ತೋಳಿನಿಂದ ಜಾರಿತು. "ಹಾಗಾದರೆ ಪಟ್ಟಿ ತಿದ್ದಿದ್ದಾರೆ ಅಂತ ಆಗುತ್ತೆ. ಅದನ್ನ ಬಾಯಿಬಿಟ್ಟರೆ ನಮ್ಮ ಯೂನಿವರ್ಸಿಟಿ ಹೆಸರು ಮಣ್ಣುಪಾಲು. ಇನ್ನು ಹತ್ತು ವರ್ಷ ನಮ್ಮನ್ನ ಯಾರೂ ಬಾಗಿಲ ಹತ್ತಿರಕ್ಕೂ ಸೇರಿಸಲ್ಲ."

"ಪಟ್ಟಿ ಮಾಡಿದ್ದು..."

"ನಿಮಗೇ ಗೊತ್ತಲ್ಲ ಮೇಸ್ತ್ರಿ."

ಗೊತ್ತಿತ್ತು. ಗೊತ್ತಿದ್ದದ್ದನ್ನು ಆ ಗಳಿಗೆಯವರೆಗೂ ಮನಸ್ಸು ಮುಟ್ಟಿರಲಿಲ್ಲ, ಅಷ್ಟೇ. ಮೇಸ್ತ್ರಿ ನೋಟ್‌ಬುಕ್ಕನ್ನು ತೆರೆದು ಮಗಳ ಮೇಜಿನ ಮೇಲಿಟ್ಟು ಬರುತ್ತಿದ್ದರು. ಅವಳು ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಪ್ರೊಫೆಸರರು ಮೇಲಿನಿಂದ ಕೆಳಗೆ ಒಮ್ಮೆ ಕಣ್ಣು ಹಾಯಿಸಿ ಸಹಿ ಹಾಕುತ್ತಿದ್ದರು. ನಡುವೆ ಇನ್ನೊಂದು ಕೈ ಇರಲೇ ಇಲ್ಲ. ಬರುವ ತಿಂಗಳು ಅವಳು ಆ ಬಿಳಿಕೂದಲಿನವರ ಲ್ಯಾಬಿಗೇ ಆರು ತಿಂಗಳ ಕೆಲಸಕ್ಕೆ ಹೊರಟವಳು. ಕರೆದ ಪತ್ರವನ್ನು ಅವಳಮ್ಮ ನೆಂಟರಿಗೆಲ್ಲ ಓದಿ ಹೇಳಿ, ಮಡಿಕೆಯಲ್ಲಿ ಹರಿಯುವಷ್ಟು ಹಳೆಯದು ಮಾಡಿದ್ದಳು.

ಸ್ಟೋರ್ ರೂಮಿಗೆ ಇಳಿಯುವ ಮೆಟ್ಟಿಲಲ್ಲಿ ಮೇಸ್ತ್ರಿಯ ಕಾಲು ಎರಡು ಸಲ ತಪ್ಪಿತು. ಕಣ್ಣಿನ ದೆಸೆಯಿಂದಲ್ಲ.

ಮುರಿದ ಕಂಬಿಗಳನ್ನು ಅವರು ಎಂದೂ ಗುಜರಿಗೆ ಹಾಕಿದವರಲ್ಲ. ಎರಡು ತುಂಡನ್ನೂ ತೆಳು ತಂತಿಯಿಂದ ಜೋಡಿ ಕಟ್ಟಿ, ಬಿಳಿ ಬಣ್ಣದಲ್ಲಿ ಅಂಕಿ ಬರೆದು ಗೂಡಿನಲ್ಲಿ ಮಲಗಿಸುವುದು ಅವರ ಪದ್ಧತಿ. "ಇದೇನು ಮೇಸ್ತ್ರಿ, ಕಂಬಿಗಳಿಗೆ ಮದುವೆ ಮಾಡಿಸಿದ್ದೀರಿ" ಎಂದು ಪ್ರೊಫೆಸರರು ವರ್ಷಕ್ಕೊಮ್ಮೆಯಾದರೂ ನಗುತ್ತಿದ್ದರು. ಸದ್ಯ, ಹದಿನೇಳು ಅಲ್ಲಿರುತ್ತದೆ ಎಂಬುದೊಂದೇ ಧೈರ್ಯ.

ಗೂಡಿನಲ್ಲಿ ಹದಿನಾರರ ಪಕ್ಕ ಹದಿನೆಂಟಿತ್ತು.

ಮೇಸ್ತ್ರಿ ಆ ಖಾಲಿ ಜಾಗಕ್ಕೆ ಕೈಹಾಕಿ ತಡವಿ ನೋಡಿದರು. ಇನ್ನೊಮ್ಮೆ ತಡವಿದರು. ಆಗ ಗೂಡುಗಳ ಸಾಲಿನ ಕೊನೆಯಲ್ಲಿ ಯಾರೋ ಮೂಗೆಳೆದ ಸದ್ದಾಯಿತು.

ಮಗಳು ನೆಲದ ಮೇಲೆ ಕೂತಿದ್ದಳು. ಹಿಂದಿನ ಮೆಟ್ಟಿಲಿಂದ ಓಡಿ ಬಂದಿರಬೇಕು, ಇನ್ನೂ ಏದುಸಿರು. ಹದಿನೇಳರ ಜೋಡಿ ಅವಳ ತೊಡೆಯ ಮೇಲಿತ್ತು, ಪಕ್ಕದಲ್ಲಿ ಕೈಚೀಲದ ಬಾಯಿ ತೆರೆದುಕೊಂಡಿತ್ತು.

"ಏನೇ ಇದು?" ಮೇಸ್ತ್ರಿಯ ದನಿ ಅವರಿಗೇ ಗುರುತು ಸಿಗಲಿಲ್ಲ. "ಬಚ್ಚಿಡೋಕೆ ಬಂದ್ಯಾ?"

"ಹೌದು. ಬಚ್ಚಿಡೋಣ ಅಂತಲೇ ಬಂದೆ." ಅವಳು ತಲೆ ಎತ್ತಲಿಲ್ಲ. "ಆಮೇಲೆ ಮುರಿದ ಜಾಗಕ್ಕೆ ಬೆರಳಿಟ್ಟು ನೋಡಿದೆ. ಇದಕ್ಕೆ ನಡುವೇ ಇಲ್ಲ ಅಪ್ಪ. ಚಪ್ಪಟೆಯಾಗಿ ಮುರಿದಿದೆ."

ಅಪ್ಪ ಎಂದಳು. ಗೇಟಿನ ಒಳಗೆ ನಾನು ನಿನ್ನಪ್ಪ ಅಲ್ಲ, ಎಲ್ಲರ ಹಾಗೆ ಮೇಸ್ತ್ರಿ ಅನ್ನಬೇಕು ಎಂದು ಅವಳು ಸೇರಿದ ದಿನವೇ ಕಟ್ಟುನಿಟ್ಟು ಮಾಡಿದ್ದರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪದವಳು.

"ನಾನು ಐವತ್ಮೂರು ಅಂತ ಬರೆದಿರಲಿಲ್ವಾ?"

"ಬರೆದಿದ್ರಿ."

"ಮತ್ತೆ?"

"ಉಳಿದವೆಲ್ಲ ಅರವತ್ತರ ಮೇಲಿದ್ವು. ನೀವು ಒಂದು ದೊಡ್ಡ ಗೀಟು ತಪ್ಪಿಸಿದ್ದೀರಿ ಅಂದುಕೊಂಡೆ. ಅರವತ್ತನ್ನ ಐವತ್ತು ಅಂತ ಓದಿದ್ದೀರಿ ಅಂತ." ಈಗ ಅವಳ ಮಾತು ಕಟ್ಟೆಯೊಡೆದು ಬಂತು. "ನಿಮಗೆ ಕಣ್ಣು ಕಾಣಲ್ಲ ಅಂತ ನನಗೆ ಗೊತ್ತಿಲ್ವಾ ಅಪ್ಪ? ಮನೇಲಿ ಲೋಟದ ಪಕ್ಕ ನೀರು ಸುರೀತೀರಿ. ಪೇಪರ್ ತಲೆಕೆಳಗೆ ಹಿಡಿದು ಓದೋ ಹಾಗೆ ಮಾಡ್ತೀರಿ. ಪೊರೆ ಬಂದಿದೆ ಅಂತ ಅಮ್ಮನಿಗೂ ಹೇಳಿಲ್ಲ ನೀವು. ಕೇಳಿದ್ರೆ ನಿಮ್ಮ ಮುಖಕ್ಕೇ ಕುರುಡ ಅಂದ ಹಾಗಾಗುತ್ತೆ. ಬೇರೆಯವರಿಗೆ ಗೊತ್ತಾದ್ರೆ ಕೊನೇ ಎರಡು ತಿಂಗಳು ನಿಮ್ಮನ್ನ ಯಂತ್ರದಿಂದ ಎಬ್ಬಿಸಿ ಎಲ್ಲೋ ಮೂಲೇಲಿ ಕೂರಿಸ್ತಾರೆ. ಅದಕ್ಕೇ ಸದ್ದಿಲ್ಲದೆ ಹತ್ತು ಸೇರಿಸಿಬಿಟ್ಟೆ."

ಕದ್ದವರನ್ನು ಬೈಯಬಹುದು, ಸೋಮಾರಿಗಳನ್ನು ಬೈಯಬಹುದು. ತನ್ನ ಮಾನ ಉಳಿಸಲು ಹೋಗಿ ತನ್ನ ಇಪ್ಪತ್ತೆಂಟು ವರ್ಷವನ್ನೇ ನಂಬದೆ ಹೋದವಳನ್ನು ಏನೆಂದು ಬೈಯುವುದು?

ಅವರು ಜೇಬಿನಿಂದ ಫೋನು ತೆಗೆದರು. ಹುಡುಕಿ ಹುಡುಕಿ ಒಂದು ಚಿತ್ರ ಬಿಡಿಸಿ, ಎರಡು ಬೆರಳಿನಿಂದ ಅಗಲ ಮಾಡಿ ಅವಳ ಮುಂದೆ ಹಿಡಿದರು. ಡಯಲ್ಲಿನ ಚಿತ್ರ. ಕೆಂಪು ಮುಳ್ಳು ಐವತ್ತರ ದೊಡ್ಡ ಗೀಟು ದಾಟಿ, ಮೂರು ಸಣ್ಣ ಗೀಟಿನ ಮೇಲೆ ಅಲ್ಲಾಡದೆ ನಿಂತಿತ್ತು. ಮೂಲೆಯಲ್ಲಿ ಚೀಟಿ: ಹದಿನೇಳು.

"ಒಂದೂವರೆ ವರ್ಷದಿಂದ ನಾನು ಬರಿಗಣ್ಣಲ್ಲಿ ಓದಿಲ್ಲ ಕಣೇ. ಪ್ರತಿಯೊಂದನ್ನೂ ಹೀಗೇ ತೆಗೆದು, ದೊಡ್ಡದು ಮಾಡಿ, ಮೂರು ಸಲ ನೋಡಿಯೇ ಬರೆಯೋದು. ನಿನಗೆ ಗೊತ್ತಾದ್ರೆ ನಾಚಿಕೆ ಅಂತ ಹೇಳಲಿಲ್ಲ."

ಮಗಳು ಫೋನಿನ ಪರದೆಯನ್ನೇ ನೋಡುತ್ತ ಉಳಿದಳು. ಒಂದೇ ಮನೆಯಲ್ಲಿ, ಒಂದೇ ಮೇಜಿನ ಆಚೀಚೆ ಕೂತು ಉಣ್ಣುತ್ತ, ಅವರು ಕಣ್ಣು ಮುಚ್ಚಿಟ್ಟರು, ಇವಳು ಅಂಕಿ ಮುಚ್ಚಿಟ್ಟಳು. ಒಂದೇ ಒಂದು ಮಾತು ಆಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಮೇಸ್ತ್ರಿಗೆ ಅನಿಸಿತು.

"ನಾನೇ ಹೋಗಿ ಹೇಳ್ತೀನಿ," ಎಂದು ಅವಳು ಏಳಲು ಹೋದಳು.

"ಕೂತ್ಕೋ. ಹೇಳಿದ್ರೆ ನಿನ್ನ ಓದು ಇಲ್ಲಿಗೇ ಮುಗೀತು." ಮೇಸ್ತ್ರಿ ಕಂಕುಳಲ್ಲಿದ್ದ ನೋಟ್‌ಬುಕ್ಕು ತೆಗೆದು ಹದಿನೇಳರ ಪುಟ ಬಿಡಿಸಿದರು. ಲೆಕ್ಕ ಅವರ ತಲೆಯಲ್ಲಿ ಆಗಲೇ ಮುಗಿದಿತ್ತು. "ಕಣ್ಣು ತಪ್ಪಿತು ಅಂತ ನಾನು ಹೇಳ್ತೀನಿ. ಮುಳ್ಳು ಮೇಸ್ತ್ರಿಗೆ ಮುಳ್ಳು ಕಾಣಲಿಲ್ಲ ಅಂತ ನಾಲ್ಕು ದಿನ ನಗ್ತಾರೆ, ಆಮೇಲೆ ಮರೀತಾರೆ. ಈ ಪುಟ ಹರಿದುಹಾಕಿದ್ರೆ ಆಯ್ತು. ಒಂದು ಕಂಬಿ ತಾನೇ? ಅದೂ ಅವರೇ ಕೆಡಿಸಿ ಇಟ್ಟಿದ್ದು."

ಮಗಳ ಕಣ್ಣು ಗೂಡುಗಳ ಸಾಲಿನತ್ತ ಹೊರಳಿತು. ಮೇಸ್ತ್ರಿಯ ಕೈ ನೋಟ್‌ಬುಕ್ಕಿನ ಮೇಲೆ ಹಾಗೇ ನಿಂತಿತು.

"ಒಂದೇ ತಾನೇ?"

"ನಾಲ್ಕು."

"ಏನಂದೆ?"

"ಹದಿನೇಳು, ಇಪ್ಪತ್ಮೂರು, ನಲವತ್ತೊಂದು, ಐವತ್ತೆರಡು. ನಾಲ್ಕಕ್ಕೂ ಹತ್ತು ಹತ್ತು ಸೇರಿಸಿದ್ದೀನಿ."

ಮೇಸ್ತ್ರಿ ನೋಟ್‌ಬುಕ್ಕಿನ ಪುಟ ತಿರುವಿದರು. ಇಪ್ಪತ್ಮೂರು ಐವತ್ತೈದಕ್ಕೆ ಹಾರಿತ್ತು, ನಲವತ್ತೊಂದು ಐವತ್ನಾಲ್ಕಕ್ಕೆ, ಐವತ್ತೆರಡು ಐವತ್ತಾರಕ್ಕೆ. ಬರೆದಿದ್ದರು, ಗೀಟೆಳೆದಿದ್ದರು, ಮೇಲಿನವರು ನೋಡಿಕೊಳ್ಳುತ್ತಾರೆ ಎಂದು ಹಗುರಾಗಿದ್ದರು. ಮೇಲಿನವರಿಗೆ ಅವು ಮುಟ್ಟಿಯೇ ಇರಲಿಲ್ಲ. ಬಿಳಿಕೂದಲಿನ ಹೆಂಗಸು ಕೆಡಿಸಿ ಇಟ್ಟಿದ್ದು ಒಂದನ್ನು. ಹಾಗಾದರೆ ಉಳಿದ ಮೂರನ್ನು ಕೆಡಿಸಿದವರು ಯಾರು?

ಯಾರೂ ಅಲ್ಲ. ಅವು ಹುಟ್ಟುತ್ತಲೇ ಕೆಟ್ಟಿದ್ದವು.

ಅರವತ್ತರಲ್ಲಿ ಮೂರು. ಅಂಥದೇ ಕಂಬಿ ಸಾವಿರಗಟ್ಟಲೆ ಶಾಲೆಗಳ ಚಾವಣಿಯೊಳಗೆ ಹೋಗುವುದಕ್ಕೆ ಇನ್ನು ಒಂದು ಸಂಜೆ, ಒಂದು ಸಹಿ ಉಳಿದಿತ್ತು. ತಾನು ಹೋಗಿ ಕಣ್ಣು ತಪ್ಪಿತು ಎಂದರೆ ಈ ಮೂರೂ ಕಣ್ಣಿನ ಲೆಕ್ಕಕ್ಕೇ ಜಮೆಯಾಗಿ ಗುಡಿಸಿಹೋಗುತ್ತವೆ.

ಅವರು ಮಗಳ ಮುಖ ನೋಡಿದರು. ಪೊರೆ ಬಂದ ಕಣ್ಣಿಗೆ ಅದು ಮಸುಕಾಗಿ, ಚಿಕ್ಕಂದಿನ ಮುಖದ ಹಾಗೇ ಕಂಡಿತು. ಆ ಕ್ಷಣ ಅವರಿಗೆ ಕಂಬಿಗಳ ಮೇಲೆ, ಲಕೋಟೆಯ ಮೇಲೆ, ಆರು ದೇಶಗಳ ಮೇಲೂ ಕೆಟ್ಟ ಕೋಪ ಬಂತು. ಬಂದು ಏನು ಪ್ರಯೋಜನ, ಇಳಿಯಿತು.

"ಉಳಿದ ಮೂರು ಜೋಡೀನೂ ತಗೋ," ಎಂದರು. "ತಂತಿ ಬಿಚ್ಚಬೇಡ."

ಅವರು ಕೋಣೆಗೆ ಬಂದಾಗ ಪರದೆಯ ಮುಖಗಳೆಲ್ಲ ಕೂತು ಕಾಯುತ್ತಿದ್ದವು. ಪ್ರೊಫೆಸರರು ಮೇಸ್ತ್ರಿಗೆ ಕಣ್ಸನ್ನೆ ಮಾಡಿ, ತಾವೇ ಶುರು ಮಾಡಿದರು. "ನಮ್ಮ ಹಿರಿಯ ಮೇಸ್ತ್ರಿಯವರಿಗೆ ಈಚೆಗೆ ದೃಷ್ಟಿ ಸ್ವಲ್ಪ..."

ಮೇಸ್ತ್ರಿ ನಡುವೆಯೇ ಮುಂದೆ ಬಂದು ನಾಲ್ಕು ಜೋಡಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಕಬ್ಬಿಣದ ಸದ್ದಿಗೆ ಪ್ರೊಫೆಸರರ ಮಾತು ನಿಂತಿತು.

"ನಾಲ್ಕು ಯಾಕೆ?" ಎಂದು ಬಿಳಿಕೂದಲಿನವರು ಮುಂದಕ್ಕೆ ಬಾಗಿದರು.

ಮೇಸ್ತ್ರಿ ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟರು.

"ನನಗೆ ಇಂಗ್ಲಿಷ್ ಬರಲ್ಲ. ನೀನು ಓದಮ್ಮ. ಇದ್ದದ್ದನ್ನ ಇದ್ದ ಹಾಗೆ ಓದು."

ಅವಳು ಪುಟ ತಿರುವಿದಳು. "ಹದಿನೇಳು, ಐವತ್ಮೂರು."

ಬಿಳಿಕೂದಲಿನವರ ಮುಖ ಸಡಿಲವಾಯಿತು. "ಅಂದರೆ ನೀವು ಹಿಡಿದಿದ್ದೀರಿ! ಮತ್ತೆ ಪಟ್ಟಿಯಲ್ಲಿ..."

"ಇಪ್ಪತ್ಮೂರು, ಐವತ್ತೈದು," ಎಂದು ಅವಳು ನಿಲ್ಲದೆ ಓದಿದಳು.

"ಇಪ್ಪತ್ಮೂರು ನಾನಿಟ್ಟಿದ್ದಲ್ಲ," ಎಂದರು ಆಕೆ.

"ನಲವತ್ತೊಂದು, ಐವತ್ನಾಲ್ಕು. ಐವತ್ತೆರಡು, ಐವತ್ತಾರು."

ಒಂದು ಚೌಕದಲ್ಲಿ ಯಾರದೋ ಕೈಯಿಂದ ಲೋಟ ಬಿದ್ದು ಒಡೆದ ಸದ್ದು ಬಂತು. ಬಗ್ಗಿ ಎತ್ತಲು ಆ ಮನುಷ್ಯ ಹೋಗಲಿಲ್ಲ. ಇನ್ನೊಂದು ಚೌಕದ ಗಡ್ಡದವನು ತನ್ನ ಕಾಗದಗಳನ್ನು ಹುಚ್ಚನಂತೆ ತಿರುವಿ, "ಇವರ ಪೆಟ್ಟಿಗೆಯೊಂದೇ ಮೂರನೇ ದಿನ ಕರಗಿಸಿದ ಉಕ್ಕಿನದು," ಎಂದ. "ಉಳಿದ ಐದೂ ಮೊದಲ ಎರಡು ದಿನದ್ದು. ಮೂರನೇ ದಿನದ್ದನ್ನ ಇವರು ಬಿಟ್ಟು ಬೇರೆ ಯಾರೂ ಎಳೆದೇ ಇಲ್ಲ."

ಬಿಳಿಕೂದಲಿನವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಲಕೋಟೆ ಕತ್ತರಿಸಿ ಉಳಿದವರ ಎದೆ ಝಲ್ಲೆನಿಸಿದವರಿಗೆ ಈಗ ತಮ್ಮ ಸರದಿ ಬಂದಿತ್ತು. ಆಮೇಲೆ ಕೇಳಿದರು: "ಈ ಐವತ್ತುಗಳನ್ನ ಅರವತ್ತು ಮಾಡಿದ್ದು ಯಾರು?"

ಮೇಸ್ತ್ರಿಗೆ ಈ ಪ್ರಶ್ನೆ ಯಾರೂ ಭಾಷಾಂತರ ಮಾಡಬೇಕಿರಲಿಲ್ಲ. 'ನಾನು' ಎನ್ನುವಷ್ಟು ಇಂಗ್ಲಿಷ್ ಅವರಿಗೂ ಬರುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದುಕೊಂಡರು. ಅಷ್ಟು ಕಷ್ಟದ ಕೆಲಸವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.

"ನಾನು," ಎಂದಳು ಮಗಳು. "ಅಪ್ಪ ತಪ್ಪು ಓದಿದ್ದಾರೆ ಅಂದುಕೊಂಡು ನಾನೇ ತಿದ್ದಿದೆ. ಯಾರನ್ನೂ ಕೇಳಲಿಲ್ಲ."

ಪ್ರೊಫೆಸರರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು. ಬಿಳಿಕೂದಲಿನವರು ಅವಳನ್ನೇ ನೋಡುತ್ತ, "ನೀವು ಬರುವ ತಿಂಗಳು ನನ್ನ ಲ್ಯಾಬಿಗೆ ಬರಬೇಕಿತ್ತು," ಎಂದರು. ಬರಬೇಕು ಎನ್ನಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು, ಮಗಳಿಗೂ ಕೇಳಿಸಿತು. ಅವಳು ತಲೆಯಾಡಿಸಿದಳು.

"ಒಂದೇ ಒಂದು ಕೇಳ್ತೀನಿ," ಎಂದರು ಆಕೆ. "ಈ ನಾಲ್ಕು ಸಂಖ್ಯೆ ನಂಬಿ ನಾನು ಇವತ್ತು ಕಾರ್ಖಾನೆ ಶುರುವಾಗೋದನ್ನ ತಡೀಬೇಕು. ನಿಮ್ಮ ಮೇಸ್ತ್ರಿಯವರ ದೃಷ್ಟಿ ಸರಿಯಿಲ್ಲ ಅಂತ ಈಗ ತಾನೇ ಪ್ರೊಫೆಸರ್ ಹೇಳಿದರು. ಹೌದಾ?"

ಮಗಳು ಒಮ್ಮೆ ಅಪ್ಪನ ಕಡೆ ತಿರುಗಿದಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು, ದನಿ ಮಾತ್ರ ಅಳುಕಲಿಲ್ಲ.

"ಹೌದು, ಅವರ ಕಣ್ಣು ಸರಿಯಿಲ್ಲ. ಅವರು ಓದಿದ್ದು ಸರಿಯಿದೆ. ಪ್ರತಿಯೊಂದಕ್ಕೂ ಚಿತ್ರ ಇದೆ, ಈಗಲೇ ಕಳಿಸ್ತೀನಿ."

ಬಿಳಿಕೂದಲಿನವರು ಸಹಿಗೆಂದು ಮುಂದಿಟ್ಟುಕೊಂಡಿದ್ದ ಹಾಳೆಯನ್ನು ಮಗುಚಿದರು. ಅದರ ಬೆನ್ನಿನ ಖಾಲಿ ಜಾಗದಲ್ಲಿ ನಾಲ್ಕು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದುಕೊಂಡು, ಫೋನಿಗೆ ಕೈ ಚಾಚಿದರು.